ಅಮ್ಮನ ಸೀರೆಗಳ ಬೊಂತೆ

ಹಳೆಯ ಸೀರೆ ಕತ್ತರಿಸಿ ಸಂತೆ ಚೀಲ ಹೊಲಿಯಲು ಕೂತರೆ, ಆ ಹತ್ತಿಯ ವಾಸನೆ ಇವತ್ತಿಗೂ ನನ್ನನ್ನು ದಿಬ್ಬೂರಹಳ್ಳಿಯ ಅಜ್ಜಿ ಮನೆಯ ಜಗಲಿಗೆ ಎಳೆದೊಯ್ಯುತ್ತದೆ.

ಆಗ ಅಮ್ಮ ತೀರಿಕೊಂಡು ತಿಂಗಳಾಗಿತ್ತು. ಅವಳನ್ನು ಹೆತ್ತ ಅಜ್ಜಿ, ಅವಳ ಸೀರೆಗಳನ್ನು ಒಗೆದು, ಪದರ ಪದರವಾಗಿ ಜೋಡಿಸಿ ನನಗೆ ಹೊದೆಯಲು ಬೊಂತೆ ಹೊಲಿಯುತ್ತಿದ್ದಳು. ಒಗೆಯದೆ ಉಳಿದಿದ್ದ ಒಂದು ಸೀರೆಯನ್ನು ನಾನು ಲಂಗದೊಳಗೆ ತುರುಕಿಕೊಂಡಿದ್ದೆ.

“ಏನೇ ಅಮ್ಮಣ್ಣಿ, ಬೆಳಿಗ್ಗೆ ಇಲ್ಲದ ಹೊಟ್ಟೆ ಈಗೆಲ್ಲಿಂದ ಬಂತು?”

“ಮುದ್ದೆ ಜಾಸ್ತಿ ತಿಂದೆ.”

ಅಜ್ಜಿ ನಗುತ್ತಲೇ ಸೀರೆಯ ಸೆರಗು ಹಿಡಿದೆಳೆದಳು.

“ಒಗೀಬೇಡ ಅಜ್ಜಿ, ಅಮ್ಮನ ವಾಸನೆ ಹೋಗ್ಬಿಡ್ತದೆ!”

“ಸುಮ್ನೆ ಇಟ್ರೆ ಇಲಿ ಪಾಲು ಕಣಮ್ಮ. ಹೊದ್ಕೊಂಡ್ರೆ ನಿಂಗಾದ್ರೂ ಬೆಚ್ಚಗಿರ್ತದೆ.”

ಅಜ್ಜಿ ಸೀರೆ ಹಿಡಿದು ಒಗೆಯುವ ಬಕೆಟ್ಟಿನವರೆಗೂ ಹೋದಳು. ಅಲ್ಲಿ ಆ ಸೀರೆಯೊಳಗೆ ಮುಖ ಹುದುಗಿಸಿದವಳು, ನಾನು ಎಷ್ಟು ಕರೆದರೂ ತಲೆ ಎತ್ತಲಿಲ್ಲ.