ಹಿತ್ತಾಳೆಯ ಒಂದು ಗುಂಡು

ಸುಂಕದ ಗುಮಾಸ್ತೆ ಪುಟ್ಟಸ್ವಾಮಿ ಗಾಡಿಯ ಮೇಲಿದ್ದ ಮಂಚದ ತಲೆಗಟ್ಟಿನಲ್ಲಿ ಬಾಗಿದ್ದ ಕಂಬಿಯನ್ನು ಸವರಿದ. ಎಡಗಂಬದ ಹಿತ್ತಾಳೆ ಗುಂಡನ್ನು ತಿರುಗಿಸಿ ತೆಗೆದು, ಟೊಳ್ಳು ಕೊಳವೆಯೊಳಗೆ ಬೆರಳಿಟ್ಟು, ಮತ್ತೆ ಮುಚ್ಚಿದ. ಉಳಿದ ಮೂರು ಗುಂಡುಗಳನ್ನು ಮುಟ್ಟಲಿಲ್ಲ.

“ಏನ್ಲಾ, ಕಳ್ಳಮಾಲು ಸಿಕ್ತಾ?” ಎಂದ ಕೆಂಪಣ್ಣ.

ಗುಮಾಸ್ತೆ ಪುಸ್ತಕ ಬಿಡಿಸಿದ.

ಶ್ರೀರಂಗಪಟ್ಟಣದ ಸುಂಕದ ಕಟ್ಟೆಯ ಮುಂದೆ ಗಾಡಿ ನಿಂತು ಬಹಳ ಹೊತ್ತಾಗಿತ್ತು. ನಾಳಿದ್ದು ಕೆಂಪಣ್ಣನ ಮಗಳು ಗೌರಮ್ಮನ ಧಾರೆ. ಹಿರೋಡೆಯ ಬೀಗರು ಮರದ ಮಂಚ ಒಲ್ಲೆವೆಂದಿದ್ದರು. ಸೀಮೆಯಿಂದ ಬಂದ ಕಬ್ಬಿಣದ ಮಂಚ ಮನೆಯಲ್ಲಿದ್ದರೆ ಮಾತ್ರ ಗಂಡಿನ ದಿಬ್ಬಣ ಹೊರಡುವುದು. ಮೈಸೂರಿನ ವ್ಯಾಪಾರಿ, ಇದು ಹಡಗಿನಿಂದ ಇಳಿದು ತಿಂಗಳಾಗಿಲ್ಲವೆಂದು ಚೀಟಿ ಬರೆದುಕೊಟ್ಟಿದ್ದ. ಬಿಳಿಯ ಬಣ್ಣ ಇನ್ನೂ ವಾಸನೆಯಾಡುತ್ತಿತ್ತು.

ಸುಂಕದ ಪಟ್ಟಿಯಲ್ಲಿ ಕಬ್ಬಿಣದ ಮಂಚಕ್ಕೆ ಎರಡು ಜಾಗ. ಸೀಮೆಯ ಗೃಹೋಪಕರಣವಾದರೆ ಸುಂಕ ಕಟ್ಟಿ ಮನೆಗೆ ಒಯ್ಯಬಹುದು. ಆಸ್ಪತ್ರೆಯ ಸಾಮಾನಾದರೆ ಸುಂಕವಿಲ್ಲ. ಆದರೆ ಅದನ್ನು ಆಸ್ಪತ್ರೆಯಲ್ಲಲ್ಲದೆ ಬೇರೆಲ್ಲೂ ಇಳಿಸುವಂತಿಲ್ಲ. ಕೆಂಪಣ್ಣ ಸುಂಕದ ಹಣ ಚಾಚಿದ. ಪುಟ್ಟಸ್ವಾಮಿ ಅದರ ಕಡೆ ನೋಡಲೂ ಇಲ್ಲ. ‘ಆಸ್ಪತ್ರೆಯ ಮಂಚ’ ಎಂದು ಬರೆದ.

ಕೆಂಪಣ್ಣನ ಮೈ ಉರಿಯಿತು. ಕಾರಣ ಅವನಿಗೆ ಗೊತ್ತಿತ್ತು. ಮೂರು ವರ್ಷದ ಕೆಳಗೆ ಈ ಗುಮಾಸ್ತೆಯ ಮಗಳು ಚಲುವಿಯನ್ನು ತನ್ನ ಮಗನಿಗೆ ತರುವುದೆಂದು ವೀಳ್ಯ ಬದಲಾಗಿತ್ತು. ಹುಡುಗಿಗೆ ಕ್ಷಯದ ಕೆಮ್ಮೆಂದು ಕೇಳಿದ ದಿನವೇ ಕೆಂಪಣ್ಣ ವೀಳ್ಯ ಹಿಂದಕ್ಕೆ ಕಳುಹಿಸಿದ. ಸಂತೆಯ ನಡುವೆ ನಾಲ್ಕು ಮಾತು ಆಡಿದ್ದೂ ಉಂಟು. ಆ ಮಗು ಉಳಿಯಲಿಲ್ಲ. ಈಗ ಅಪ್ಪ ಹೊತ್ತು ಕಾದು ಹಲ್ಲು ಮಸೆಯುತ್ತಿದ್ದಾನೆ.

“ಮದ್ವೆ ಮಂಚಕ್ಕೆ ರೋಗದ ಹೆಸ್ರು ಬರೀತೀಯಾ? ನನ್ ಮೇಲಿನ ಸೇಡ ಆ ಮಗೀನ ಮೇಲೆ ತೀರಿಸ್ಕತೀಯಾ?”

“ಬರ್ದಿದ್ದು ಬರ್ದಾಯ್ತು ಗೌಡ್ರೆ. ಗಾಡಿ ತಿರುಗಿಸ್ಕಳಿ.”

“ಹೊಸ ಬಣ್ಣ ಕಾಣಾಕಿಲ್ವೇನ್ಲಾ ನಿನ್ ಕಣ್ಗೆ?”

“ಬಣ್ಣ ಹೊಸದೇ.”

ಗಾಡಿ ಹೊಡೆಯುವ ಹುಚ್ಚಣ್ಣ ನಗು ತಡೆಯಲಾರದೆ ಎತ್ತಿನ ಮರೆಗೆ ಸರಿದ. ಅದು ಕೆಂಪಣ್ಣನಿಗೆ ಇನ್ನಷ್ಟು ಚುಚ್ಚಿತು. ಅಮಲ್ದಾರರ ಹತ್ತಿರ ಹೋಗುತ್ತೇನೆ, ನಿನ್ನ ಅನ್ನ ಕೀಳಿಸುತ್ತೇನೆ ಎಂದು ಕೂಗಾಡಿದ. ಕಡೆಗೆ ಗುಮಾಸ್ತೆಯ ಅಂಗಿಯ ಕೊರಳು ಹಿಡಿದ.

“ಆಸ್ಪತ್ರೆದು ಅನ್ನಾಕೆ ಏನ್ಲಾ ಗುರುತು? ತೋರ್ಸು.”

ಪುಟ್ಟಸ್ವಾಮಿ ಆ ಕೈಯನ್ನು ಮೆಲ್ಲನೆ ಬಿಡಿಸಿದ. ಅದೇ ಗುಂಡನ್ನು ಮತ್ತೆ ತೆಗೆದ. ಈ ಸಲ ಬೆರಳಿಗೆ ಸಿಕ್ಕಿದ್ದನ್ನು ಹೊರಕ್ಕೆಳೆದ. ಬಣ್ಣಗೆಟ್ಟ ಅರಿಸಿನದ ಬಟ್ಟೆ, ಒಳಗೊಂದು ಕಾಸು, ಮೇಲೆ ಮೂರು ಗಂಟು. ಕಾಯಿಲೆಯವರ ತಲೆಯ ಬಳಿ ನಿಮಿಷಾಂಬೆಯ ಹೆಸರಿನಲ್ಲಿ ಕಟ್ಟಿಡುವ ಮುಡಿಪು. ಹುಚ್ಚಣ್ಣನ ನಗು ನಿಂತಿತು; ಅವನ ಕೈ ತಾನಾಗಿ ಮುಗಿಯಿತು.

“ಹೊರಗೆ ಕಟ್ಟುದ್ರೆ ದಾದಿಯರು ಕಿತ್ತು ಬಿಸಾಕೋರು ಅಂತ, ನಮ್ ಚಲುವಿ ಇದ್ರ ಮೇಲೆ ಮಲಗಿದ್ದಾಗ ನಾನೇ ಇಲ್ಲಿ ಇಟ್ಟಿದ್ದೆ ಗೌಡ್ರೆ, ನಿಮ್ ಗೌರಿ ಈ ಮಂಚ ಹತ್ತೋದು ಬ್ಯಾಡ.”