ಒತ್ತಿದರೆ ಬಿಸಿ

ಮುದುಕನಿಗೆ ಅರಳುಮರಳು ಅನ್ನಬೇಡಿ, ಬಾಯಿ ಮುಚ್ಚಿ ಕೇಳಿ. ಫ್ರಿಜ್ಜಿನ ಹಾಗೆ ಗ್ಯಾಸು ತುಂಬದೆಯೇ ತಂಪು ಮಾಡುವ ಪೆಟ್ಟಿಗೆ ಕಟ್ಟಿದವಳು ತಂಗಿ. ತನ್ನದೆಂದು ಮೆರೆದವನು ಅಣ್ಣ. ಅವತ್ತು ಕೊಳ್ಳುವವರು ವರ್ಕ್‌ಶಾಪಿಗೇ ಬಂದಿದ್ದರು.

ಅಣ್ಣ ಹಿಡಿಕೆ ಒತ್ತಿ, ಪೆಟ್ಟಿಗೆಯೊಳಗಿನ ಮೇಣದಂಥ ಬಿಲ್ಲೆಯನ್ನು ಹಿಂಡಿದ. “ಮುಟ್ಟಿ ನೋಡಿ, ಮಂಜುಗಡ್ಡೆ!”

ಕೊಳ್ಳಲು ಬಂದ ಹಿರಿಯರೊಬ್ಬರು ಮುಟ್ಟಿ ಕೈ ಕೊಡವಿದರು. “ಏನ್ರೀ, ತಂಪು ಪೆಟ್ಟಿಗೆನೋ ಇಸ್ತ್ರಿ ಪೆಟ್ಟಿಗೆನೋ?”

“ಏನಾಯ್ತೇ?” ಅಣ್ಣ ಹಿಡಿಕೆ ಬಿಡದೆ, ಹಿಂದೆ ಕೂತಿದ್ದ ತಂಗಿಯತ್ತ ತಿರುಗಿ ಪಿಸುಗುಟ್ಟಿದ.

“ನಿಂದೇ ಅಲ್ವಾ ಅಣ್ಣ, ನೀನೇ ಹೇಳು.” ಅವನು ಬೆವರುವುದನ್ನು ತಂಗಿ ಕಣ್ತುಂಬ ನೋಡಿದಳು. ಒತ್ತಿದಾಗ ಹುಟ್ಟಿದ ಬಿಸಿ ಆರಿದ ಮೇಲೆ ಎದ್ದುಬಂದು, ಅವನ ಕೈಯನ್ನು ಹಿಡಿಕೆಯಿಂದ ಕಿತ್ತಳು. ಪೆಟ್ಟಿಗೆಯ ಮೇಲೆ ಇಬ್ಬನಿ ಕೂತಿತು. “ಒತ್ತಿದ್ರೆ ಕಾಯುತ್ತೆ, ಬಿಟ್ರೆ ತಣ್ಣಗಾಗುತ್ತೆ. ನೀನು ನನ್ನನ್ನೂ ಬರೀ ಒತ್ತಿದೆ, ಬಿಡೋದು ಕಲೀಲೇ ಇಲ್ಲ.”

ನಾಲ್ಕು ಜನಕ್ಕೆ ಹೇಳಿ. ಪೆಟ್ಟಿಗೆ ತಂಗಿಯದು ಅಂತಲೇ ಹೇಳಿ.