ಹೊಳೆ ದಾಟಿದ ಮನೆ

"ಏಯ್, ಮನೆ ನಿಲ್ಸಿ!"

ಜಪಾನಿ ಕ್ಯಾಪ್ಟನ್ ಕುರೊಇವಾ ಕೂಗಿದ್ದೇ ತಡ, ದಾರಿಯಲ್ಲಿ ಬರುತ್ತಿದ್ದ ಮನೆ ನಿಂತಿತು. ಬಿದಿರಿನ ಗೋಡೆ, ಗರಿಯ ಸೂರು, ಮುಚ್ಚಿದ ಕಿಟಕಿ. ಕೆಳಗೆ ಕಟ್ಟಿದ ಬೊಂಬುಗಳಿಗೆ ಊರಿನ ಗಂಡಸರು ಹೆಗಲು ಕೊಟ್ಟಿದ್ದರು. ಸುತ್ತ ಚಾಪೆ ಇಳಿಬಿಟ್ಟಿದ್ದರಿಂದ ನಡುವೆ ಹೊತ್ತವರ ಕಾಲು ಮಾತ್ರ ಕಾಣುತ್ತಿತ್ತು, ಅದೂ ಕೆಸರಿನಲ್ಲಿ ಅದ್ದಿ ತೆಗೆದಂತೆ.

ಕಂಕುಳಲ್ಲಿ ಕೋಳಿ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ ಬಸಿಲಿಯಾಳೂ ನಿಂತಳು. ಮನೆ ಅವಳದು. ಒಳಗಿನ ಭತ್ತದ ಬುಟ್ಟಿಯಲ್ಲಿ ಅಮೆರಿಕನ್ ಲೆಫ್ಟಿನೆಂಟ್ ಹಾರ್ಲನ್‌ನನ್ನು ಕೂರಿಸಿ, ಮೇಲೆ ಹುಲ್ಲು ಮುಚ್ಚಿದವಳೂ ಅವಳೇ. ಅವನು ಸಿಕ್ಕಿಬಿದ್ದರೆ ಅವನ ತಲೆ ಹೋಗುತ್ತದೆ, ಊರಿಗೆ ಬೆಂಕಿ ಬೀಳುತ್ತದೆ. ಹೊಳೆಯಾಚೆಯ ಗುಡ್ಡದಲ್ಲಿ ಇನ್ನೂ ಬಂದೂಕು ಕೆಳಗಿಡದವರಿದ್ದರು. ಅಲ್ಲಿಯವರೆಗೆ ಮುಟ್ಟಿದರೆ ಸಾಕಿತ್ತು.

ಫಿಲಿಪ್ಪೀನ್ಸಿನ ಬತಾನ್ ಜಪಾನಿಯರ ವಶವಾದ ಮೇಲೆ ಅವನನ್ನು ಕರೆತಂದವನು ಅವನದೇ ತುಕಡಿಯ ಸಾರ್ಜೆಂಟ್ ಅನಕ್ಲೆತೊ, ಇದೇ ಊರಿನವನು. "ಲೋಲಾ, ನಿಮ್ಮ ಫೌಸ್ತಿನೊ ಪ್ರಾಣ ಬಿಡೋವಾಗ ಕೈ ಹಿಡ್ಕೊಂಡು ಕೂತಿದ್ದೋನು ಇವ್ನು" ಎಂದಿದ್ದ. ಊರಿಗೆಲ್ಲ ಲೋಲಾ, ಅಂದರೆ ಅಜ್ಜಿಯಾದ ಬಸಿಲಿಯಾಗೆ ಮಗನ ಹೆಸರೇ ಸಾಕಾಯಿತು. ಅಂದಿನಿಂದ ಬೈಯುತ್ತಲೇ ಬಡಿಸಿದ್ದಳು.

ಈ ಬೆಳಿಗ್ಗೆ ಹುಲ್ಲು ಮುಚ್ಚುವಾಗಲೂ ಬೈದಿದ್ದಳು. "ಮೂರು ಜನರ ಅನ್ನ ಒಬ್ನೇ ಉಣ್ತೀಯಲ್ಲೋ! ನಮ್ಮೂರಲ್ಲಿ ಉಂಡ ಮನೆ ಎದ್ದು ಹೊರಟ್ರೆ ಹೆಗಲು ಕೊಡ್ಬೇಕು. ನೀನು ನೋಡಿದ್ರೆ ದೊರೆ ಹಾಗೆ ಸವಾರಿ ಹೊರಟಿದ್ದೀಯ."

ಅವಳ ಮಾತು ಅಷ್ಟಿಷ್ಟು ಕಲಿತಿದ್ದ ಹಾರ್ಲನ್ ಕೆಂಪಗಾಗಿದ್ದ. ಆಗಲೇ ಅನಕ್ಲೆತೊ, "ಚರ್ಚಿಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬನ್ನಿ" ಎಂದು ಅವಳನ್ನು ಸಾಗಹಾಕಿದ್ದ. ಬರುವಷ್ಟರಲ್ಲಿ ಮನೆ ಹೆಗಲೇರಿತ್ತು. ಏರಿದ್ದೂ ಸೊಟ್ಟಗೆ. "ಏ ನಡುವಿನವ್ರೇ, ಮಂಡಿ ಬಗ್ಗಿಸ್ರೋ! ನನ್ನ ಮನೆ ನೆಲ ಉಬ್ಬಿ ಬರ್ತಿದೆ!" ಎಂದು ದಾರಿಯುದ್ದಕ್ಕೂ ಗದರಿದ್ದಳು.

ಈಗ ಕ್ಯಾಪ್ಟನ್ ಅದೇ ಮನೆಯೊಳಗೆ ಹತ್ತಿದ. ಕತ್ತಿ ಸೂರನ್ನು ತಿವಿಯುವುದು ಕೇಳಿಸಿತು. ಬುಟ್ಟಿಯ ಮುಚ್ಚಳ ಕರಕ್ಕೆಂದಿತು. ಬಸಿಲಿಯಾ ಕಣ್ಣು ಮುಚ್ಚಿದಳು. ಹಿಡಿತ ಬಿಗಿಯಾಗಿ ಕೋಳಿ ಕಿರುಚಿಕೊಂಡಿತು.

ಕಿಟಕಿಯಿಂದ ಹುಲ್ಲು ಹೊರಗೆ ಬಿತ್ತು. "ಥೂ! ಬರೀ ಹುಲ್ಲು."

ಅಜ್ಜಿಗೆ ಹೋದ ಜೀವ ಬಂತು. ಬೆನ್ನಿಗೇ ಸಿಟ್ಟೂ ಬಂತು. ಹೇಳದೆ ಕೇಳದೆ ಓಡಿಹೋದನೇ? ಮಗನ ತಟ್ಟೆಯಲ್ಲಿ ಉಂಡವನು!

ಮುಂದೆ ಹೊಳೆ. ತುಕಡಿ ಹಿಂದೆ ಸರಿಯುವಾಗ ಅನಕ್ಲೆತೊ ತಾನೇ ಸಿಡಿಮದ್ದಿಟ್ಟು ಉರುಳಿಸಿದ್ದ ಸೇತುವೆ ನೀರಿನಲ್ಲಿ ಬಿದ್ದಿತ್ತು. ಕ್ಯಾಪ್ಟನ್ ನೀರನ್ನು ನೋಡಿದ, ಮಿರಮಿರ ಮಿಂಚುವ ತನ್ನ ಬೂಟುಗಳನ್ನು ನೋಡಿದ. ಮನೆಯೊಳಗಿನ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ನಡೀರಿ. ನಾನು ಇಲ್ಲೇ ಇರ್ತೀನಿ."

ನೀರು ಸೊಂಟಕ್ಕೆ ಬಂತು. ಬಸಿಲಿಯಾ ಕೋಳಿಯನ್ನು ತಲೆಗೇರಿಸಿ ಪಕ್ಕದಲ್ಲೇ ನೀರಿಗಿಳಿದಳು. ಕಿಟಕಿಯಿಂದ ಕ್ಯಾಪ್ಟನ್ ಕೆಣಕಿದ.

"ಏನಜ್ಜಿ, ಎಲ್ಲಿ ನಿಮ್ಮ ಅಮೆರಿಕದೋರು? ನಿಮ್ಮನ್ನ ಬಿಟ್ಟು ಓಡಿದ್ರು ತಾನೇ?"

ಆ ಮಾತು ನೇರ ಎದೆಗೆ ನಾಟಿತು. ಆದರೂ ಇವನ ಮುಂದೆ ತಲೆ ತಗ್ಗಿಸುವುದೇ?

"ಓಡ್ಲಿ ಬಿಡಪ್ಪ, ನಾವಿದ್ದೀವಲ್ಲ! ಹೊತ್ತವ್ರ ಮೇಲೆ ಕೂತು ಜಂಬ ಕೊಚ್ಬೇಡ. ಹೊತ್ತವ್ರಿಗೆ ಇಳಿಸೋದೂ ಗೊತ್ತು."

ಹೆಗಲುಗಳು ಒಂದು ಕ್ಷಣ ನಿಂತವು. ಮನೆ ವಾಲಿತು. ಕ್ಯಾಪ್ಟನ್ ಕಿಟಕಿಯ ಚೌಕಟ್ಟು ಹಿಡಿದುಕೊಂಡು ಕೆಳಗಿನ ಸುಳಿಯನ್ನು ನೋಡಿದ.

ಆಚೆ ದಡದ ಕಪ್ಪು ಕೆಸರು ಮತ್ತೆ ಕಾಲುಗಳಿಗೆ ಮೆತ್ತಿಕೊಂಡಿತು. ಕಾವಲಿನವರು ಕಿಟಕಿಯಲ್ಲಿ ಕ್ಯಾಪ್ಟನ್ ಮುಖ ಕಂಡು ಸೆಲ್ಯೂಟ್ ಹೊಡೆದರು. ಮನೆಯನ್ನು ಯಾರೂ ಮುಟ್ಟಲಿಲ್ಲ. ಅವನು ಒಣ ಬೂಟಿನಲ್ಲಿ ಇಳಿದು ಠಾಣ್ಯದ ಕಡೆ ನಡೆದ. ಮನೆ ಗುಡ್ಡದ ಬುಡದ ಬಿದಿರು ಮೆಳೆಯೊಳಗೆ ಹೋಗಿ ತನ್ನ ಗಿಡ್ಡ ಕಂಬಗಳ ಮೇಲೆ ನೆಲಕ್ಕಿಳಿಯಿತು.

ಹೊತ್ತವರಿಗೆ ಬಡಿಸುವುದು ಮನೆಯವಳ ಕೆಲಸ. ಬಸಿಲಿಯಾ ಬಾಳೆಲೆ ಹಾಸಿ, ಅನ್ನ, ಒಣಮೀನು ಬಡಿಸಿದಳು. ಕಣ್ಣಲ್ಲಿ ನೀರಿತ್ತು. "ಓಡಿಹೋದವ್ನ ಪಾಲೂ ನೀವೇ ಉಣ್ರಪ್ಪ."

"ಅದೆಲ್ಲ ಆಗಲ್ಲ ಲೋಲಾ, ಅವ್ನು ಜಗಳಕ್ಕೆ ಬರ್ತಾನೆ" ಅನಕ್ಲೆತೊ ನಕ್ಕ. "ನಿಮ್ಮ ಮುಖಕ್ಕೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೇ ನಿಮ್ಗೆ ಹೇಳ್ಲಿಲ್ಲ."

ಕ್ಯಾಪ್ಟನ್ ಕೂತಿದ್ದ ಜಾಗದ ನೇರ ಕೆಳಗಿನಿಂದ, ಹೆಗಲ ಚರ್ಮ ಕಿತ್ತುಹೋಗಿದ್ದ ಹಾರ್ಲನ್ ತೆವಳಿ ಹೊರಬಂದು ಎಲೆಯ ಮುಂದೆ ಕೂತ.